ಮೂರು ಬಣ್ಣದ ಬೆಕ್ಕು ಹೆಣ್ಣೇ ಏಕೆ?

ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ಕನ್ನಡದಲ್ಲಿ ಬೆಕ್ಕು. ನಮ್ಮ ಗಡಿನಾಡಿನ ಮನೆಗಳಲ್ಲಿ ಈ ಪ್ರಾಣಿಗೆ ಹೆಸರು ಹಲವಾದರೂ ಕೆಲಸ ಒಂದೇ: ಅಟ್ಟದ ಅಡಿಕೆಯನ್ನೂ ಭತ್ತದ ಮೂಟೆಯನ್ನೂ ಇಲಿಗಳಿಂದ ಕಾಯುವುದು. ಅದು ಮರಿ ಹಾಕಿದ ದಿನ ಮನೆಯ ಮಕ್ಕಳು ಓಡಿಹೋಗಿ ನೋಡಿ ಬಂದು ಲೆಕ್ಕ ಒಪ್ಪಿಸುತ್ತಾರೆ. ಒಂದು ಕಪ್ಪು, ಒಂದು ಕೆಂಚು, ಒಂದು ಬೂದು, ಮತ್ತೊಂದು ಮೂರು ಬಣ್ಣದ್ದು. ಒಂದೇ ಬಸಿರಿನಲ್ಲಿ ಬೆಳೆದು ಒಂದೇ ಹೊತ್ತಿಗೆ ಹುಟ್ಟಿದ ಮರಿಗಳಿಗೆ ಇಷ್ಟೊಂದು ಬಣ್ಣ ಎಲ್ಲಿಂದ ಬಂತು?

ಬೆಕ್ಕು ಸಾಕಿ ಬಲ್ಲವರು ಇದಕ್ಕೆ ಒಂದು ಮಾತು ಸೇರಿಸುತ್ತಾರೆ. ಮರಿ ಮೂರು ಬಣ್ಣದ್ದಾದರೆ ಅದು ಹೆಣ್ಣೇ, ಬಾಲ ಎತ್ತಿ ನೋಡಬೇಕಾಗಿಲ್ಲ. ಈ ಮಾತು ಮೂಢನಂಬಿಕೆಯಲ್ಲ, ಹೆಚ್ಚುಕಡಿಮೆ ಪೂರ್ತಿ ನಿಜ. ಅದೇಕೆ ನಿಜವೆಂದು ತಿಳಿದರೆ ಬೆಕ್ಕಿನ ಗುಟ್ಟಿನೊಂದಿಗೆ ನಮ್ಮ ಮನೆಗಳದೇ ಒಂದು ಗುಟ್ಟು ಬಯಲಾಗುತ್ತದೆ.

ಬಣ್ಣಗಳು ಎರಡೇ

ಬೆಕ್ಕಿನ ಕೂದಲಿನಲ್ಲಿರುವ ಬಣ್ಣದ ವಸ್ತುಗಳು ಎರಡು ಮಾತ್ರ. ಒಂದು ಕಪ್ಪು, ಇನ್ನೊಂದು ಕೆಂಚು. ಬೂದು ಎಂಬುದು ಕಪ್ಪಿನ ತೆಳು ರೂಪ. ಕೆನೆಬಣ್ಣವು ಕೆಂಚಿನ ತೆಳು ರೂಪ. ಬಿಳಿ ಎಂಬುದು ಬಣ್ಣವೇ ಅಲ್ಲ, ಬಣ್ಣ ಇಲ್ಲದಿರುವಿಕೆ. ಬಣ್ಣ ಕೊಡುವ ಜೀವಕೋಶಗಳು ಭ್ರೂಣದಲ್ಲಿ ಬೆನ್ನಿನ ಸಾಲಿನಿಂದ ಹೊರಟು ಮೈಯೆಲ್ಲ ಹರಡುತ್ತವೆ. ಅವು ಸಾಕಷ್ಟು ಇಲ್ಲದೆಹೋದ ಭಾಗ ಬೆಳ್ಳಗೇ ಉಳಿಯುತ್ತದೆ. ಅನೇಕ ಬೆಕ್ಕುಗಳ ಹೊಟ್ಟೆ, ಎದೆ, ಪಾದಗಳು ಬಿಳಿಯಾಗಿದ್ದು ಬೆನ್ನು ಮಾತ್ರ ಬಣ್ಣದ್ದಾಗಿರುವುದಕ್ಕೆ ಇದೇ ಕಾರಣ.

ಆದ್ದರಿಂದ ಮೂರು ಬಣ್ಣದ ಬೆಕ್ಕೆಂದರೆ ಕಪ್ಪು ಮತ್ತು ಕೆಂಚು ಎರಡೂ ಇರುವ, ಅದರ ಮೇಲೆ ಬಿಳಿ ಮಚ್ಚೆಯನ್ನೂ ಪಡೆದ ಬೆಕ್ಕು. ಬಿಳುಪು ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಗುಟ್ಟು ಇರುವುದು ಕಪ್ಪು ಮತ್ತು ಕೆಂಚು ಒಂದೇ ಮೈಯಲ್ಲಿ ಕೂಡುವುದರಲ್ಲಿ.

ತಾಯಿಯಂತೆ ಮಗ

ಪ್ರತಿ ಜೀವಿಯ ಕೋಶದೊಳಗೆ ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು ಇವೆ. ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ವಂಶವಾಹಿಗಳು ಇವುಗಳ ಮೇಲೆ ಸಾಲಾಗಿ ಕೂತಿರುತ್ತವೆ. ಬೆಕ್ಕಿಗೆ ಇಂಥ ವರ್ಣತಂತುಗಳು 19 ಜೊತೆ. ಅರ್ಧ ತಾಯಿಯದು, ಅರ್ಧ ತಂದೆಯದು. ಇದರಲ್ಲಿ ಒಂದು ಜೊತೆ ಲಿಂಗವನ್ನು ನಿರ್ಧರಿಸುತ್ತದೆ. ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದು ಎಕ್ಸ್, ಒಂದು ವೈ.

ಕೂದಲು ಕೆಂಚಾಗಬೇಕೋ ಬೇಡವೋ ಎಂಬ ಅಪ್ಪಣೆ ಇರುವುದು ಈ ಎಕ್ಸ್ ವರ್ಣತಂತುವಿನ ಮೇಲೆ. ಇದನ್ನು ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಕುಕ್ ಲಿಟ್ಲ್ 1912ರಷ್ಟು ಹಿಂದೆಯೇ ಸೂಚಿಸಿದ್ದರು. ಅಪ್ಪಣೆ ನಿಖರವಾಗಿ ಎಲ್ಲಿದೆಯೆಂದು ಗೊತ್ತಾದದ್ದು ಮಾತ್ರ ತೀರ ಇತ್ತೀಚೆಗೆ. ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ತಂಡ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ತಂಡ ಬೇರೆ ಬೇರೆಯಾಗಿ ದುಡಿದು 2025ರಲ್ಲಿ ಒಂದೇ ಉತ್ತರವನ್ನು ಪ್ರಕಟಿಸಿದವು. ಕೆಂಚು ಬೆಕ್ಕುಗಳ ಎಕ್ಸ್ ವರ್ಣತಂತುವಿನಲ್ಲಿ ಸುಮಾರು 5,000 ಅಕ್ಷರಗಳಷ್ಟು ಉದ್ದದ ಒಂದು ತುಂಡು ಕಾಣೆಯಾಗಿದೆ. ಅದು ಕಾಣೆಯಾದ್ದರಿಂದ ಪಕ್ಕದ ಒಂದು ವಂಶವಾಹಿ ಬಣ್ಣದ ಕೋಶದೊಳಗೆ ಕೆಲಸಮಾಡಬಾರದ ಹೊತ್ತಿನಲ್ಲಿ ಕೆಲಸಮಾಡಿ, ಕಪ್ಪಿನ ಬದಲು ಕೆಂಚನ್ನು ಮಾಡಿಸುತ್ತದೆ.

ಇನ್ನು ಲೆಕ್ಕ ಸುಲಭ. ಗಂಡುಮರಿಗೆ ಎಕ್ಸ್ ಒಂದೇ, ಅದೂ ತಾಯಿಯಿಂದ ಬಂದದ್ದು. ತಂದೆ ಅವನಿಗೆ ಕೊಡುವುದು ವೈ. ಹೀಗಾಗಿ ಗಂಡುಮರಿ ಕಪ್ಪೋ ಕೆಂಚೋ ಎಂಬ ವಿಷಯದಲ್ಲಿ ತಂದೆಗೆ ಮಾತೇ ಇಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ಇಲ್ಲಿ ತಾಯಿಯಂತೆ ಮಗ!

ತಾಯಿ ಕಪ್ಪು, ತಂದೆ ಕೆಂಚು ಎಂದಿಟ್ಟುಕೊಳ್ಳಿ. ಗಂಡುಮರಿಗಳೆಲ್ಲ ಕಪ್ಪು. ಹೆಣ್ಣುಮರಿಗಳೆಲ್ಲ ಎರಡೂ ಬಣ್ಣ ಬೆರೆತವು. ತಾಯಿ ಕೆಂಚು, ತಂದೆ ಕಪ್ಪಾದರೆ ಗಂಡುಮರಿಗಳೆಲ್ಲ ಕೆಂಚು. ಹೆಣ್ಣುಮರಿಗಳು ಮತ್ತೆ ಬೆರಕೆಯೇ. ತಾಯಿಯೇ ಬೆರಕೆ ಬಣ್ಣದವಳಾದರೆ ಒಂದೊಂದು ಗಂಡುಮರಿಯೂ ಕಪ್ಪಾಗುವ, ಕೆಂಚಾಗುವ ಸಂಭವ ಸರಿಸಮ. ಹೆಣ್ಣು ಪೂರ್ತಿ ಕೆಂಚಾಗಬೇಕಾದರೆ ತಂದೆತಾಯಿ ಇಬ್ಬರಿಂದಲೂ ಕೆಂಚು ಬರಬೇಕು. ಗಂಡಿಗೆ ಒಂದೇ ಸಾಕು. ಕೆಂಚು ಬೆಕ್ಕುಗಳಲ್ಲಿ ಗಂಡೇ ಹೆಚ್ಚಾಗಿ ಕಾಣುವುದು ಇದರಿಂದ.

ಕಟ್ಟಿ ಅಟ್ಟಕ್ಕೆ ಹಾಕಿದ ಕಡತ

ಹೆಣ್ಣುಮರಿಗೆ ಒಂದು ಎಕ್ಸ್ ಕಪ್ಪಿನದು, ಇನ್ನೊಂದು ಕೆಂಚಿನದು ಬಂದರೆ ಮೈ ಏಕೆ ನಡುವಣ ಬಣ್ಣಕ್ಕೆ ತಿರುಗುವುದಿಲ್ಲ, ತೇಪೆ ಹಾಕಿದಂತೆ ಏಕಾಗುತ್ತದೆ?

ಉತ್ತರದ ಮೊದಲ ಸುಳಿವು ಸಿಕ್ಕಿದ್ದೂ ಬೆಕ್ಕಿನಲ್ಲಿಯೇ. 1949ರಲ್ಲಿ ಕೆನಡಾದ ಮರ್ರಿ ಬಾರ್ ಮತ್ತು ಬರ್ಟ್ರಮ್ ಎಂಬವರು ಹೆಣ್ಣುಬೆಕ್ಕಿನ ನರಕೋಶಗಳಲ್ಲಿ ಒಂದು ಗಾಢವಾದ ಚುಕ್ಕಿಯನ್ನು ಕಂಡರು. ಗಂಡಿನಲ್ಲಿ ಅದು ಇರಲಿಲ್ಲ. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಅದರ ಅರ್ಥವನ್ನು ಬಿಡಿಸಿದರು. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮಾತ್ರ ಕೆಲಸಮಾಡುತ್ತದೆ. ಇನ್ನೊಂದನ್ನು ಕಡತದಂತೆ ಕಟ್ಟಿ ಅಟ್ಟಕ್ಕೆ ಹಾಕಲಾಗುತ್ತದೆ. ಆ ಚುಕ್ಕಿ ಎಂದರೆ ಕಟ್ಟಿಟ್ಟ ಎಕ್ಸ್. ಯಾವುದನ್ನು ಕಟ್ಟಬೇಕೆಂಬ ತೀರ್ಮಾನ ಭ್ರೂಣವು ತೀರ ಎಳೆಯದಾಗಿರುವಾಗಲೇ ಕೋಶಕೋಶಕ್ಕೂ ಚೀಟಿ ಎತ್ತಿದಂತೆ ಆಗುತ್ತದೆ. ಆಮೇಲೆ ಆ ಕೋಶದ ಸಂತತಿಯೆಲ್ಲ ಅದೇ ತೀರ್ಮಾನಕ್ಕೆ ಬದ್ಧ. ಒಂದು ಕೋಶದ ಸಂತತಿ ಕಪ್ಪು ತೇಪೆ, ಇನ್ನೊಂದರದು ಕೆಂಚು ತೇಪೆ.

ಚೀಟಿ ಎತ್ತುವುದು ಎಷ್ಟು ನಿಜವೆಂಬುದಕ್ಕೆ ಒಂದು ಸಾಕ್ಷಿಯುಂಟು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ರೇನ್‌ಬೋ ಎಂಬ ಮೂರು ಬಣ್ಣದ ಬೆಕ್ಕಿನ ಕೋಶದಿಂದ ಅದರದೇ ಪಡಿಯಚ್ಚನ್ನು ಸೃಷ್ಟಿಸಿದರು. 2001ರ ಡಿಸೆಂಬರ್ 22ರಂದು ಹುಟ್ಟಿದ ಆ ಮರಿಗೆ ‘ಸಿಸಿ’ ಎಂದು ಹೆಸರು. ವಂಶವಾಹಿಗಳು ಅವೇ, ಆದರೆ ಅದರ ಮೈಮೇಲೆ ಕೆಂಚಿನ ಒಂದು ತೇಪೆಯೂ ಇರಲಿಲ್ಲ! ತೆಗೆದುಕೊಂಡ ಕೋಶದಲ್ಲಿ ಕೆಂಚಿನ ಎಕ್ಸ್ ಕಟ್ಟಿಟ್ಟದ್ದಾಗಿತ್ತು. ಸಿಸಿ 2020ರವರೆಗೆ ಬದುಕಿ, ನಡುವೆ ಮರಿಗಳನ್ನೂ ಹಾಕಿತು.

ಅಪರೂಪಕ್ಕೆ ಮೂರು ಬಣ್ಣದ ಗಂಡೂ ಹುಟ್ಟುವುದುಂಟು. ಹೆಚ್ಚಾಗಿ ಅದಕ್ಕೆ ಎರಡು ಎಕ್ಸ್, ಒಂದು ವೈ ಬಂದಿರುತ್ತದೆ. ಸಾಮಾನ್ಯವಾಗಿ ಅದರಿಂದ ಸಂತಾನವಾಗುವುದಿಲ್ಲ.

ಬೂದು ಮರಿಯ ತಪ್ಪೇನು?

ತಂದೆತಾಯಿ ಎರಡೂ ಕಪ್ಪಾಗಿದ್ದು ಒಂದು ಮರಿ ಬೂದಾದರೆ ಅಚ್ಚರಿಪಡಬೇಕಾಗಿಲ್ಲ. ಬಣ್ಣವನ್ನು ತೆಳುವಾಗಿಸುವ ವಂಶವಾಹಿ ಅಡಗಿ ಕೂರುವ ಜಾತಿಯದು. ತಂದೆಯಲ್ಲೊಂದು, ತಾಯಿಯಲ್ಲೊಂದು ಸುಮ್ಮನೆ ಅಡಗಿದ್ದು, ಎರಡೂ ಒಂದೇ ಮರಿಗೆ ಬಂದಾಗ ಮಾತ್ರ ಹೊರಗೆ ಕಾಣುತ್ತದೆ. ನಾಲ್ಕರಲ್ಲಿ ಒಂದು ಪಾಲು ಅದರ ಸಂಭವ. ಅಜ್ಜನ ಅಜ್ಜಿಯ ಬಣ್ಣ ಮೊಮ್ಮಗುವಿನಲ್ಲಿ ಏಳುವುದು ಹೀಗೆ. ಬೆಕ್ಕಿನ ಮಟ್ಟಿಗೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಸಾಧ್ಯ.

ನಮ್ಮ ಮನೆಯ ಲೆಕ್ಕ

ಬೆಕ್ಕಿನ ಎಕ್ಸ್-ವೈ ಲೆಕ್ಕವೇ ಮನುಷ್ಯರದೂ. ತಾಯಿಯಲ್ಲಿರುವುದು ಎಕ್ಸ್ ಮಾತ್ರ. ಮಗುವಿಗೆ ಅವಳು ಬೇರೇನನ್ನು ಕೊಟ್ಟಾಳು? ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ಎಕ್ಸ್ ಅಥವಾ ವೈಯಿಂದ ತೀರ್ಮಾನವಾಗುತ್ತದೆ. ಅದೂ ಅವನ ಕೈಯಲ್ಲಿಲ್ಲದ ಆಕಸ್ಮಿಕ. ಆದರೂ ಮೂರನೆಯ ಹೆಣ್ಣು ಹುಟ್ಟಿದಾಗ ಮಾತು ಕೇಳಬೇಕಾದವಳು ಬಾಣಂತಿ! ಓದುಬರಹ ಬಲ್ಲ ಮನೆಗಳಲ್ಲೂ ಈ ಮಾತು ನಿಂತಿಲ್ಲವೆಂಬುದು ನಮಗೂ ನಿಮಗೂ ತಿಳಿದ ವಿಷಯ.

ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾ, ಕೆಂಪು-ಹಸಿರು ಗುರುತಿಸಲಾಗದ ಬಣ್ಣಗುರುಡು, ಇವೂ ಎಕ್ಸ್ ವರ್ಣತಂತುವಿನ ದಾರಿಯಲ್ಲೇ ಬರುತ್ತವೆ. ಆದ್ದರಿಂದಲೇ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತವೆ. ಇಂಥ ಮಗನನ್ನು ಹೆತ್ತ ತಾಯಿ ತನ್ನ ಪಾಪವೆಂದು ಕೊರಗುವುದುಂಟು. ಅವಳು ಮಾಡಿದ್ದು ಏನೂ ಇಲ್ಲ. ಕಪ್ಪು ಬೆಕ್ಕಿಗೆ ಕಪ್ಪು ಮರಿ ಹುಟ್ಟಿದಷ್ಟೇ ಅದು ಸಹಜ. ಇನ್ನೊಂದು ಮಾತು. ಚೀಟಿ ಎತ್ತುವ ಆಟ ಹೆಂಗಸರ ಮೈಯಲ್ಲೂ ನಡೆದಿರುತ್ತದೆ. ಹಿಮೋಫಿಲಿಯಾದ ವಂಶವಾಹಿಯನ್ನು ಹೊತ್ತ ಕೆಲವು ಹೆಂಗಸರಲ್ಲಿ ಒಳ್ಳೆಯ ಎಕ್ಸೇ ಹೆಚ್ಚಿನ ಕೋಶಗಳಲ್ಲಿ ಕಟ್ಟಿಹೋಗಿ, ಅವರಿಗೂ ರಕ್ತಸ್ರಾವ ಹೆಚ್ಚಾಗಬಹುದು. ಮನೆತನದಲ್ಲಿ ಈ ರೋಗವಿದ್ದರೆ ಅಂಥವರು ಹೆರಿಗೆಗೂ ಶಸ್ತ್ರಚಿಕಿತ್ಸೆಗೂ ಮೊದಲೇ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಇನ್ನು ಹೆಣ್ಣುಮರಿಗಳ ಗತಿ. ಮೂರು ಬಣ್ಣದ್ದು ಹೆಣ್ಣೆಂದು ನೋಟಕ್ಕೇ ತಿಳಿಯುವುದರಿಂದ ಮೊದಲು ಗೋಣಿಚೀಲ ಸೇರಿ ಪೇಟೆಯ ಮೂಲೆಗೆ ಬೀಳುವುದೂ ಅದೇ. ಮರಿಗಳ ಕಾಟ ಬೇಡವಾದರೆ ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಇಲಿ ಹಿಡಿಯುವುದರಲ್ಲಿ ಹೆಣ್ಣುಬೆಕ್ಕು ಗಂಡಿಗೆ ಕಡಿಮೆಯಲ್ಲ. ಹೆಣ್ಣಾಗಿ ಹುಟ್ಟಿದ್ದು ಬೆಕ್ಕಿನ ತಪ್ಪೂ ಅಲ್ಲ, ಅದನ್ನು ಹೆತ್ತ ತಾಯಿಯ ತಪ್ಪೂ ಅಲ್ಲ. ಈ ಮಾತು ಕೊಟ್ಟಿಗೆಗೆ ಎಷ್ಟು ಸಲ್ಲುತ್ತದೋ ಜಗಲಿಗೂ ಅಷ್ಟೇ ಸಲ್ಲುತ್ತದೆ.