ಆಪತ್ಕಾಲಕ್ಕೆ ಮನೆಯಲ್ಲೊಂದು ಲ್ಯಾಂಡ್‌ಲೈನ್ ಬೇಕೇ?

"ಮನೇಲಿ ವಯಸ್ಸಾದವರಿದ್ದಾರೆ ಡಾಕ್ಟ್ರೇ, ಹಳೇ ಲ್ಯಾಂಡ್‌ಲೈನ್ ಇಟ್ಕೋಬೇಕಾ, ತೆಗೆಸಿಬಿಡಬಹುದಾ?" ಲಗ್ಗೆರೆಯ ನನ್ನ ಚಿಕಿತ್ಸಾಲಯದಲ್ಲಿ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಇದನ್ನು ವೈದ್ಯರಲ್ಲಿ ಕೇಳುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಹೃದಯಾಘಾತ, ಪಾರ್ಶ್ವವಾಯು, ಉಸಿರಾಟದ ತೊಂದರೆ ಇವುಗಳಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆಯೇ ಮನೆಯವರು ಮಾಡುವ ದೂರವಾಣಿ ಕರೆ. ಹೃದಯದ ಬಡಿತ ನಿಂತರೆ ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆಸ್ಪತ್ರೆಗೆ ತಲುಪುವ ಸಮಯ, ಸ್ಕ್ಯಾನ್ ಮಾಡುವ ಸಮಯ ಎಲ್ಲವೂ ಆ ಲೆಕ್ಕದೊಳಗೇ ಸೇರಿವೆ. ಫೋನು ಹುಡುಕುವುದರಲ್ಲಿ ಹತ್ತು ನಿಮಿಷ ಹೋದರೆ ಆ ನಷ್ಟ ರೋಗಿಯದೇ.

ಅಂದು ಮತ್ತು ಇಂದು

ಮೂರು ನಾಲ್ಕು ದಶಕಗಳ ಹಿಂದೆ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬೀದಿಯಲ್ಲಿ ಒಬ್ಬರ ಮನೆಗೆ ಫೋನು ಬಂದರೆ ಅಕ್ಕಪಕ್ಕದ ಹತ್ತು ಮನೆಗಳಿಗೆ ಅದೇ 'ಪಿ.ಪಿ. ನಂಬರ್'. ನಡುರಾತ್ರಿ ಎದೆನೋವು ಬಂದರೆ ಆ ಮನೆಯ ಬಾಗಿಲು ತಟ್ಟಬೇಕಿತ್ತು. ನಮ್ಮ ದೇಶದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಹೆಸರಿನ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಬಂತು. ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ನೆರವು ಮೂರಕ್ಕೂ ಒಂದೇ ಸಂಖ್ಯೆಯಾದ 112 ನಮ್ಮ ರಾಜ್ಯದಲ್ಲಿ 2019ರಲ್ಲಿ ಜಾರಿಗೆ ಬಂತು. ಇಂದು ದೇಶದ ನೂರು ದೂರವಾಣಿ ಸಂಪರ್ಕಗಳಲ್ಲಿ ಲ್ಯಾಂಡ್‌ಲೈನ್ ಐದೂ ಇಲ್ಲ.

ಇಷ್ಟೆಲ್ಲ ಅನುಕೂಲವಾದರೂ ಒಂದು ಹೊಸ ತೊಂದರೆ ಹುಟ್ಟಿಕೊಂಡಿದೆ. ಹಳೆಯ ಫೋನು ಮನೆಗೆ ಸೇರಿದ್ದು. ಮೊಬೈಲು ವ್ಯಕ್ತಿಗೆ ಸೇರಿದ್ದು. ಲಗ್ಗೆರೆ, ನಂದಿನಿ ಬಡಾವಣೆ, ಪೀಣ್ಯದ ಸುತ್ತಮುತ್ತ ಗಂಡ ಹೆಂಡತಿ ಇಬ್ಬರೂ ಕಾರ್ಖಾನೆಗೋ ಗಾರ್ಮೆಂಟ್ಸ್‌ಗೋ ಹೋಗುವ ಸಂಸಾರಗಳು ಬಹಳ. ಬೆಳಿಗ್ಗೆ ಅವರೊಂದಿಗೆ ಅವರ ಫೋನುಗಳೂ ಹೊರಟುಹೋಗುತ್ತವೆ. ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಮೊಮ್ಮಗು. ಮನೆಮಂದಿಗೆಲ್ಲ ಸೇರಿ ಮೂರು ನಾಲ್ಕು ಫೋನಿದ್ದರೂ ಹಗಲು ಹೊತ್ತು ಮನೆಗೆ ಒಂದೂ ಇರುವುದಿಲ್ಲ.

ನನ್ನಲ್ಲಿಗೆ ಬರುವ ಮಧುಮೇಹದ ಅಜ್ಜಿಯೊಬ್ಬರು ಒಂದು ದಿನ ಇನ್ಸುಲಿನ್ ತೆಗೆದುಕೊಂಡು ತಿಂಡಿಯನ್ನು ತಡಮಾಡಿದರು. ಸಕ್ಕರೆ ಅಂಶ ಇಳಿದು ಮೈ ಬೆವೆತು, ಮಾತು ತೊದಲತೊಡಗಿತು. ಮನೆಯಲ್ಲಿದ್ದ ಎಂಟು ವರ್ಷದ ಮೊಮ್ಮಗನ ಕೈಯಲ್ಲಿ ಆಟವಾಡುವ ಹಳೆಯ ಸ್ಮಾರ್ಟ್‌ಫೋನ್ ಇತ್ತು, ಅದಕ್ಕೆ ಸಿಮ್ ಇರಲಿಲ್ಲ. ಹುಡುಗ ಮೂಲೆಯ ದಿನಸಿ ಅಂಗಡಿಗೆ ಓಡಿ ಹೇಳಿದ್ದರಿಂದ ಅಜ್ಜಿ ಉಳಿದುಕೊಂಡರು. ಅಂಗಡಿ ಮುಚ್ಚಿದ್ದರೆ?

ಲ್ಯಾಂಡ್‌ಲೈನಿನ ಗುಣಗಳೇನು?

ಹಳೆಯ ಫೋನಿನಲ್ಲಿ ನಾಲ್ಕು ಗುಣಗಳಿದ್ದವು. ಒಂದು, ಅದು ಸದಾ ಇದ್ದ ಜಾಗದಲ್ಲೇ ಇರುತ್ತಿತ್ತು. ಎರಡು, ಮಕ್ಕಳಿಂದ ಮುದುಕರವರೆಗೆ ಯಾರು ಬೇಕಾದರೂ ಎತ್ತಿ ಮಾತಾಡಬಹುದಿತ್ತು. ಅದಕ್ಕೆ ಲಾಕ್ ಇಲ್ಲ, ಪಾಸ್‌ವರ್ಡ್ ಇಲ್ಲ. ಮೂರು, ಮುಖ್ಯ ಸಂಖ್ಯೆಗಳನ್ನು ಪಕ್ಕದ ಗೋಡೆಯ ಮೇಲೋ ಕ್ಯಾಲೆಂಡರಿನ ಮೇಲೋ ಬರೆದಿರುತ್ತಿದ್ದರು. ನಾಲ್ಕು, ಮನೆಯ ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ತಾಮ್ರದ ತಂತಿಯ ಫೋನಿಗೆ ಬೇಕಾದ ಸುಮಾರು 48 ವೋಲ್ಟ್ ವಿದ್ಯುತ್ತು ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದಲೇ ಬರುತ್ತಿದ್ದುದು ಇದಕ್ಕೆ ಕಾರಣ.

ಈ ನಾಲ್ಕನೆಯ ಗುಣದ ವಿಷಯದಲ್ಲಿ ಎಚ್ಚರವಿರಲಿ. ಈಗ ಹೊಸದಾಗಿ ಕೊಡುವ ಲ್ಯಾಂಡ್‌ಲೈನ್ ಬಹುತೇಕ ಇಂಟರ್‌ನೆಟ್ ಜೊತೆಗೆ ಫೈಬರ್ ತಂತಿಯಲ್ಲಿ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತಲ್ಲ. ಗೋಡೆಗೆ ತಗುಲಿಸಿದ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟೇ ಬೇಕು. ಕರೆಂಟು ಹೋದರೆ ಫೋನೂ ಸತ್ತಂತೆ. ಆ ಪೆಟ್ಟಿಗೆಯನ್ನು ಯುಪಿಎಸ್‌ಗೆ ಜೋಡಿಸಿದ್ದರೆ ಮಾತ್ರ ಆಪತ್ಕಾಲಕ್ಕೆ ನೆಚ್ಚಿಕೊಳ್ಳಬಹುದು. ಕಾರ್ಡ್‌ಲೆಸ್ ಫೋನಿಗೂ ಇದೇ ಮಾತು. ಇನ್ನು ಹಳೆಯ ತಾಮ್ರದ ತಂತಿ ಉಳಿದಿರುವವರು ವಾರಕ್ಕೊಮ್ಮೆಯಾದರೂ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೇ ನೋಡಬೇಕು. ರಸ್ತೆ ಅಗೆದಾಗ ತಂತಿ ತುಂಡಾಗಿದ್ದು ಗೊತ್ತೇ ಆಗದಿರಬಹುದು.

ಹಾಗಾದರೆ ಯಾರಿಗೆ ಬೇಕು?

ಎಲ್ಲರಿಗೂ ಲ್ಯಾಂಡ್‌ಲೈನ್ ಬೇಕಿಲ್ಲ. ಆದರೆ ಎಲ್ಲ ಮನೆಗೂ 'ಮನೆಯ ಫೋನು' ಒಂದು ಬೇಕು. ಅದು ಗುಂಡಿ ಒತ್ತುವ ಸಾಧಾರಣ ಮೊಬೈಲ್ ಆದರೂ ಸಾಕು. ಅದನ್ನು ಚಾರ್ಜರಿನ ಪಕ್ಕ, ಮಗುವಿಗೂ ಎಟುಕುವ ಒಂದೇ ಜಾಗದಲ್ಲಿ ಇಡಬೇಕು. ಲಾಕ್ ಹಾಕಬಾರದು, ಯಾರೂ ಹೊರಗೆ ಒಯ್ಯಬಾರದು, ರೀಚಾರ್ಜ್ ತಪ್ಪಿಸಬಾರದು.

ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದವರು, ಒಂಟಿಯಾಗಿರುವ ಹಿರಿಯರು, ಮನೆಯಲ್ಲೇ ಆಕ್ಸಿಜನ್ ಯಂತ್ರ ಬಳಸುವ ರೋಗಿಗಳು ಇರುವವರು ಲ್ಯಾಂಡ್‌ಲೈನನ್ನೂ ಇಟ್ಟುಕೊಳ್ಳುವುದು ಒಳಿತು. ನಮ್ಮಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ನೆಲಮಾಳಿಗೆ, ಒಳಕೋಣೆಗಳಲ್ಲಿ ಸಿಗ್ನಲ್ ಕೈಕೊಡುವುದು ಸಾಮಾನ್ಯ. ಮಲಗುವ ಕೋಣೆ, ಬಚ್ಚಲುಮನೆಗಳಲ್ಲಿ ಫೋನು ಹಿಡಿದು ನಿಂತು ನೀವೇ ಪರೀಕ್ಷಿಸಿ. ವಾಟ್ಸ್‌ಆ್ಯಪ್ ಕರೆಯಲ್ಲಿ 108 ಅಥವಾ 112 ಸಿಗುವುದಿಲ್ಲ ಎಂಬುದೂ ತಿಳಿದಿರಲಿ.

ಸ್ಮಾರ್ಟ್‌ಫೋನ್ ಲಾಕ್ ಆಗಿದ್ದರೂ ಪರದೆಯ ಮೇಲಿನ ಎಮರ್ಜೆನ್ಸಿ ಕಾಲ್ ಒತ್ತಿ 112ಕ್ಕೆ ಕರೆ ಮಾಡಬಹುದು. ಹಲವು ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಅಥವಾ ಐದು ಸಲ ಒತ್ತುವ, ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿಹಿಡಿಯುವ ಸೌಲಭ್ಯವಿದೆ. ನಿಮ್ಮ ಫೋನಿನಲ್ಲಿ ಯಾವುದಿದೆ ಎಂದು ಈಗಲೇ ತಿಳಿದುಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ 108 ಸೇವೆಗೆ ಅಡಚಣೆಯಾಗಿತ್ತು. ಆದ್ದರಿಂದ ಎರಡೂ ಸಂಖ್ಯೆಗಳು ಗೋಡೆಯ ಮೇಲಿರಲಿ.

ಕರೆ ಮಾಡಿದಾಗ ಏನು ಹೇಳಬೇಕು?

ಮೊಬೈಲಿನಿಂದ ನೀವಿರುವ ಜಾಗ ಸುಮಾರಾಗಿ ತಿಳಿದರೂ ಮೂರನೇ ಮಹಡಿಯ ಹಿಂದಿನ ಮನೆ ಎಂಬುದು ತಿಳಿಯುವುದಿಲ್ಲ. ನಮ್ಮ ಕಡೆ 'ಎರಡನೇ ಕ್ರಾಸ್' ಎಂಬುದು ಬಡಾವಣೆಗೊಂದು ಇದೆ. ಆದುದರಿಂದ ಬಡಾವಣೆಯ ಹೆಸರು, ಮುಖ್ಯರಸ್ತೆ, ಕ್ರಾಸ್, ಮಹಡಿ ಮತ್ತು ರಿಂಗ್ ರಸ್ತೆಯಿಂದ ಬರುವಾಗ ಕಾಣುವ ಗುರುತು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಗಾಬರಿಯಲ್ಲಿ ಸ್ವಂತ ಮನೆಯ ನಂಬರೂ ಮರೆಯುತ್ತದೆ. ರೋಗಿಯ ಕಾಯಿಲೆ, ನುಂಗುವ ಮಾತ್ರೆಗಳು, ಒಗ್ಗದ ಔಷಧಗಳನ್ನೂ ಅದರ ಕೆಳಗೆ ಬರೆಯಿರಿ. ಇ.ಎಸ್.ಐ. ಕಾರ್ಡ್ ಇದ್ದವರು ಅದನ್ನೂ ಅಲ್ಲೇ ಇಡಿ.

ಕರೆ ತೆಗೆದವರಿಗೆ ಮೊದಲು ವಿಳಾಸ, ನಂತರ ರೋಗಿಗೆ ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ ಎಂದು ಹೇಳಿ. ಅವರು ಹೇಳುವವರೆಗೆ ಫೋನು ಇಡಬೇಡಿ. ಉಸಿರು, ಎಚ್ಚರ ಎರಡೂ ಇಲ್ಲದಿದ್ದರೆ ಸ್ಪೀಕರ್ ಹಾಕಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬಾರದು. ಒಬ್ಬರು ಕ್ರಾಸಿನ ಮೂಲೆಯಲ್ಲಿ ನಿಂತು ಆಂಬುಲೆನ್ಸಿಗೆ ಕೈ ತೋರಿಸಲಿ. ಇನ್ನೊಬ್ಬರು ದಾರಿಗೆ ಅಡ್ಡ ನಿಂತ ಸ್ಕೂಟರುಗಳನ್ನು ಸರಿಸಲಿ.

ಎದೆಯಲ್ಲಿ ಬಿಗಿತ, ಒಂದು ಕಡೆ ಸೊಟ್ಟಗಾದ ಮುಖ, ಬಲ ಕುಂದಿದ ಕೈ, ತೊದಲುವ ಮಾತು, ಏದುಸಿರು, ಐದು ನಿಮಿಷ ಮೀರಿದ ಫಿಟ್ಸ್, ನಿಲ್ಲದ ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ಮಗನೋ ಮಗಳೋ ಕೆಲಸದಿಂದ ಬರಲಿ ಎಂದು ಕಾಯದೆ ಮೊದಲು 108ಕ್ಕೆ, ಆಮೇಲೆ ಅವರಿಗೆ ಕರೆ ಮಾಡಿ.

ಈ ಭಾನುವಾರ ಒಂದು ಅರ್ಧ ಗಂಟೆ ಇದಕ್ಕೆ ಮೀಸಲಿಡಿ. ಮನೆಯ ಫೋನಿಗೆ ಜಾಗ ಗೊತ್ತುಮಾಡಿ, ಚೀಟಿ ಬರೆದು ಅಂಟಿಸಿ. ಅಜ್ಜಿಯ ಕೈಯಿಂದಲೂ ಮಗುವಿನ ಕೈಯಿಂದಲೂ ನಿಮ್ಮ ಮೊಬೈಲಿಗೆ ಒಂದೊಂದು ಕರೆ ಮಾಡಿಸಿ, ವಿಳಾಸವನ್ನು ಜೋರಾಗಿ ಓದಿಸಿ. ಅಭ್ಯಾಸಕ್ಕೆಂದು 108 ಅಥವಾ 112ಕ್ಕೆ ಮಾತ್ರ ಕರೆ ಮಾಡಬೇಡಿ. ಅದೇ ಹೊತ್ತಿಗೆ ಇನ್ನೊಂದು ಮನೆಯವರು ಆ ಸಾಲಿನಲ್ಲಿ ಕಾಯುತ್ತಿರಬಹುದು.