ಗಣಕಯಂತ್ರದ ಕಿಟಕಿಗಳು ಮಾತು ಕೇಳದಿದ್ದಾಗ

ನಮ್ಮ ಮನೆಗಳಲ್ಲಿ ಗಣಕಯಂತ್ರವು ಇಂದು ಬೀರು, ಹೊಲಿಗೆ ಯಂತ್ರಗಳಂತೆಯೇ ಒಂದು ಗೃಹೋಪಯೋಗಿ ವಸ್ತುವಾಗಿದೆ. ಮಕ್ಕಳ ಪಾಠ, ಅಂಗಡಿಯ ಲೆಕ್ಕಪತ್ರ, ಹೊಲದ ಪಹಣಿ, ಮಗಳ ಲಗ್ನಪತ್ರಿಕೆಯ ಕರಡು, ಪರದೇಶದಲ್ಲಿರುವ ಮಗನೊಡನೆ ಭಾನುವಾರದ ಮಾತುಕತೆ ಎಲ್ಲವೂ ಅದರ ಮುಂದೆಯೇ ನಡೆಯುತ್ತವೆ. ಯಂತ್ರವು ಪೂರ್ಣವಾಗಿ ನಿಂತುಹೋದರೆ ದುರಸ್ತಿಗೆ ಒಯ್ಯುವುದು ಸರಿಯೇ. ಆದರೆ ಯಂತ್ರವು ಚೆನ್ನಾಗಿಯೇ ನಡೆಯುತ್ತಿದ್ದು, ಪರದೆಯ ಮೇಲಿನ ಒಂದು ಕಿಟಕಿ ಮಾತ್ರ ಮಾಯವಾದಾಗ, ಅಲುಗಾಡದೆ ನಿಂತಾಗ ಅಥವಾ ಕರೆಯದೆ ಮುಂದೆ ಬಂದಾಗಲೂ ಅನೇಕರು ಗಾಬರಿಗೊಂಡು ಯಂತ್ರವನ್ನೇ ಹೊತ್ತುಕೊಂಡು ಅಂಗಡಿಗೆ ಧಾವಿಸುತ್ತಾರೆ. ಅಲ್ಲಿ ಎಷ್ಟೋ ಸಲ ದೊರೆಯುವ ಉತ್ತರವೊಂದೇ: "ಫಾರ್ಮ್ಯಾಟ್ ಮಾಡಬೇಕು."

ಫಾರ್ಮ್ಯಾಟ್ ಮಾಡುವುದೆಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ, ಕಾರ್ಯವ್ಯವಸ್ಥೆಯನ್ನು ಹೊಸದಾಗಿ ತುಂಬುವುದು. ನಮ್ಮ ಪರಿಚಯದ ಒಂದು ಮನೆತನದಲ್ಲಿ ಕಿರಾಣಿ ಅಂಗಡಿಯ ಲೆಕ್ಕದ ತಂತ್ರಾಂಶವು ತೆರೆದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ದುರಸ್ತಿಗಾರರು ಫಾರ್ಮ್ಯಾಟ್ ಮಾಡಿಕೊಟ್ಟರು. ಲೆಕ್ಕದ ಪ್ರತಿಯು ಲೆಕ್ಕಪರಿಶೋಧಕರ ಬಳಿ ಇದ್ದುದರಿಂದ ಉಳಿಯಿತು. ಆದರೆ ಮನೆಯ ಹಿರಿಯರು ಎರಡು ವರ್ಷ ಕುಳಿತು ಬೆರಳಚ್ಚು ಮಾಡಿದ್ದ ವಂಶಾವಳಿಯೂ, ಲಿಂಗೈಕ್ಯರಾದ ತಾಯಿಯವರ ಭಾವಚಿತ್ರಗಳೂ ಮರಳಿ ಬರಲಿಲ್ಲ. ಇಷ್ಟಕ್ಕೂ ಕಾರಣವೇನು? ಹಿಂದಿನ ವಾರ ಎರಡನೆಯ ಮಾನಿಟರನ್ನು ಬಿಚ್ಚಿ ಮಗಳ ಕೋಣೆಗೆ ಸಾಗಿಸಲಾಗಿತ್ತು. ಲೆಕ್ಕದ ಕಿಟಕಿಯು ಈಗ ಅಲ್ಲಿಲ್ಲದ ಆ ಪರದೆಯ ಜಾಗದಲ್ಲಿಯೇ ತೆರೆದುಕೊಳ್ಳುತ್ತಿತ್ತು. ಕೀಲಿಮಣೆಯ ಮೂರು ನಾಲ್ಕು ಕೀಲಿಗಳಿಂದ ಅದನ್ನು ಈಚೆಗೆ ಎಳೆದುಕೊಳ್ಳಬಹುದಾಗಿತ್ತು.

ಹೀಗಾಗದಿರಲು ಕಿಟಕಿ ಎಂದರೇನೆಂಬುದನ್ನು ಮೊದಲು ತುಸು ವಿಚಾರಿಸೋಣ. ಒಂದರ ಮೇಲೊಂದು ಇಟ್ಟ ಕಾಗದಗಳಂತೆ ಕಾಣುವ ಕಿಟಕಿಗಳು 1970ರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ, ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡವು. ಮೈಕ್ರೋಸಾಫ್ಟ್ ಸಂಸ್ಥೆಯು 1985ರ ನವೆಂಬರಿನಲ್ಲಿ ಹೊರತಂದ ಮೊದಲ ವಿಂಡೋಸ್‌ನಲ್ಲಾದರೋ ತಂತ್ರಾಂಶಗಳ ಕಿಟಕಿಗಳು ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲುಗಳಂತೆ ಪಕ್ಕಪಕ್ಕದಲ್ಲಿಯೇ ನಿಲ್ಲುತ್ತಿದ್ದವು. 1987ರ ಎರಡನೆಯ ಆವೃತ್ತಿಯಲ್ಲಿ ಅವು ಒಂದರ ಮೇಲೊಂದು ಬರತೊಡಗಿದವು. ಒಂದರ ಹಿಂದೆ ಇನ್ನೊಂದು ಅಡಗುವ ತೊಂದರೆಯೂ ಜೊತೆಗೇ ಬಂದಿತು. 1995ರಲ್ಲಿ ಪರದೆಯ ಕೆಳಅಂಚಿಗೆ ಬಂದ ಟಾಸ್ಕ್ ಬಾರ್ ಎಂಬ ಪಟ್ಟಿಯು ಹೀಗೆ ಅಡಗಿದವುಗಳ ಹಾಜರಿ ಪುಸ್ತಕವೇ ಆಗಿದೆ.

ಇಲ್ಲಿ ಒಂದು ಮಾತನ್ನು ಮನೆಯವರೆಲ್ಲರೂ ಮನಗಾಣಬೇಕು. ಕಡತವು ಬೀರುವಿನೊಳಗಿನ ಪತ್ರವಾದರೆ, ಕಿಟಕಿಯು ಅದನ್ನು ಓದಲೆಂದು ಮೇಜಿನ ಮೇಲೆ ಹರಡಿದ ಪ್ರತಿ. ಮೇಜಿನಿಂದ ಕಾಗದ ಜಾರಿತೆಂದರೆ ಬೀರು ಬರಿದಾಯಿತೆಂದು ಅರ್ಥವಲ್ಲ. ಆದರೆ ಬರೆದುದನ್ನು ಇನ್ನೂ ಉಳಿಸಿರದಿದ್ದರೆ ಅದು ಮೇಜಿನ ಮೇಲೆ ಮಾತ್ರ ಇರುತ್ತದೆ. ಕಿಟಕಿಯನ್ನು ಬಲವಂತವಾಗಿ ಮುಚ್ಚಿದರೆ ಆ ಭಾಗವು ನಿಜವಾಗಿಯೂ ಹೋಗಬಹುದು. ಆದುದರಿಂದ ಮುಚ್ಚುವುದು, ಯಂತ್ರವನ್ನು ಆರಿಸುವುದು ಮೊದಲ ಉಪಾಯಗಳಾಗಬಾರದು.

ತೊಂದರೆ ಕಂಡಾಗ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಕೆಟ್ಟಿರುವುದು ಒಂದು ಕಿಟಕಿಯೋ, ಒಂದು ತಂತ್ರಾಂಶದ ಎಲ್ಲ ಕಿಟಕಿಗಳೋ, ಅಥವಾ ಪರದೆಯ ಮೇಲಿನ ಸಕಲವೂ? ಒಂದು ಮನೆಯಲ್ಲಿ ಮಾತ್ರ ವಿದ್ಯುತ್ ಹೋದರೆ ಫ್ಯೂಜ್ ನೋಡುತ್ತೇವೆ, ಓಣಿಯೇ ಕತ್ತಲಾದರೆ ಕಂಬ ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

ಮಾಯವಾದ ಕಿಟಕಿಯ ಪ್ರಕರಣವೇ ಹೆಚ್ಚು ಗಾಬರಿಗೆ ಕಾರಣವಾಗುವುದರಿಂದ ಅದನ್ನು ವಿಸ್ತಾರವಾಗಿ ಹೇಳುವೆವು. ಟಾಸ್ಕ್ ಬಾರಿನಲ್ಲಿ ಅದರ ಚಿಹ್ನೆ ಇದ್ದು ಪರದೆಯಲ್ಲಿ ಕಿಟಕಿ ಕಾಣದಿದ್ದರೆ, ಅದು ಪರದೆಯ ಗಡಿಯಾಚೆ ನಿಂತಿರಬಹುದು. ಅನೇಕ ತಂತ್ರಾಂಶಗಳು ಮುಚ್ಚುವಾಗ ತಾವಿದ್ದ ಸ್ಥಳವನ್ನು ನೆನಪಿಟ್ಟುಕೊಂಡು, ಮರುದಿನ ಅಲ್ಲಿಯೇ ತೆರೆದುಕೊಳ್ಳಲು ಹವಣಿಸುತ್ತವೆ. ಮಾನಿಟರ್ ಬದಲಾಗಿದ್ದರೆ ಆ ಸ್ಥಳವೇ ಇರುವುದಿಲ್ಲ. ಆಲ್ಟ್ ಕೀಲಿಯನ್ನು ಹಿಡಿದು ಟ್ಯಾಬ್ ಒತ್ತುತ್ತ ಆ ಕಿಟಕಿಯನ್ನು ಆರಿಸಿಕೊಳ್ಳಿರಿ. ಬಳಿಕ ವಿಂಡೋಸ್ ಗುರುತಿನ ಕೀಲಿ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣದ ಕೀಲಿಯನ್ನು ಒತ್ತಿದರೆ ಕಿಟಕಿಯು ಒಂದು ಮಾನಿಟರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಅದರಿಂದ ಫಲ ಸಿಗದಿದ್ದರೆ ಹಳೆಯ ಉಪಾಯವೊಂದುಂಟು: ಆಲ್ಟ್ ಹಿಡಿದು ಸ್ಪೇಸ್ ಬಾರ್ ಒತ್ತಿರಿ, ಕೈಬಿಟ್ಟು ಎಂ ಅಕ್ಷರವನ್ನು ಒತ್ತಿರಿ, ಯಾವುದಾದರೊಂದು ಬಾಣದ ಕೀಲಿಯನ್ನು ಒಮ್ಮೆ ತಟ್ಟಿರಿ. ಈಗ ಮೌಸನ್ನು ಅಲುಗಿಸಿದರೆ ಕಿಟಕಿಯು ಅದರ ಬೆನ್ನು ಹತ್ತಿ ಪರದೆಯೊಳಕ್ಕೆ ಬರುತ್ತದೆ; ಎಂಟರ್ ಒತ್ತಿ ನಿಲ್ಲಿಸಬೇಕು. ಕಿಟಕಿಯು ಪೂರ್ಣ ಪರದೆಯ ಗಾತ್ರದಲ್ಲಿದ್ದರೆ ಈ ಉಪಾಯ ನಡೆಯದು. ಆಗ ಎಂ ಬದಲಿಗೆ ಆರ್ ಒತ್ತಿ ಮೂಲ ಗಾತ್ರಕ್ಕೆ ತಂದು ಮತ್ತೆ ಪ್ರಯತ್ನಿಸಬೇಕು. ದೂರದರ್ಶನ ಪೆಟ್ಟಿಗೆಗೆ ತಂತಿ ಜೋಡಿಸಿ ಪ್ರವಚನ ನೋಡುವ ಮನೆಗಳಲ್ಲಿ ತಂತಿ ಹಾಗೆಯೇ ಉಳಿದು ಈ ತೊಂದರೆ ಮತ್ತೆ ಮತ್ತೆ ಬರುತ್ತದೆ. ಪೆಟ್ಟಿಗೆಯು ಆರಿದ್ದರೂ ಕೆಲವೊಮ್ಮೆ ಯಂತ್ರವು ಅದನ್ನು ಇನ್ನೊಂದು ಪರದೆಯೆಂದೇ ಎಣಿಸುತ್ತಿರುತ್ತದೆ! ವಿಂಡೋಸ್ ಕೀಲಿಯೊಡನೆ ಪಿ ಒತ್ತಿ, ಗಣಕದ ಪರದೆ ಮಾತ್ರ ಎಂಬ ಮೊದಲ ಆಯ್ಕೆಯನ್ನು ಮಾಡಿದರೆ ಸಾಕು.

ಇನ್ನು, 2015ರ ವಿಂಡೋಸ್ 10ರಿಂದ ಒಂದೇ ಯಂತ್ರದಲ್ಲಿ ಹಲವು ಕಾಲ್ಪನಿಕ ಮೇಜುಗಳನ್ನು ಇಟ್ಟುಕೊಳ್ಳುವ ಸೌಲಭ್ಯ ಬಂದಿದೆ. ಮಕ್ಕಳು ತಿಳಿದೋ ತಿಳಿಯದೆಯೋ ಎರಡನೆಯ ಮೇಜನ್ನು ತೆರೆದುಬಿಟ್ಟರೆ ಅಜ್ಜಿಯವರ ಕಿಟಕಿಯು ಮೊದಲನೆಯದರಲ್ಲಿ ಕುಳಿತಿರುತ್ತದೆ. ವಿಂಡೋಸ್ ಕೀಲಿಯೊಡನೆ ಟ್ಯಾಬ್ ಒತ್ತಿದರೆ ಎಲ್ಲ ಮೇಜುಗಳೂ ಕಾಣುತ್ತವೆ. ಒಂದು ಕಿಟಕಿಯ ತಲೆಪಟ್ಟಿಯನ್ನು ಹಿಡಿದು ಅಲುಗಾಡಿಸಿದಾಗ ಉಳಿದವೆಲ್ಲ ಕೆಳಗಿಳಿಯುವುದೂ 2009ರ ವಿಂಡೋಸ್ 7ರಲ್ಲಿ ಬಂದ ಒಂದು ಸೌಲಭ್ಯವೇ ಹೊರತು ರೋಗವಲ್ಲ; ಮತ್ತೊಮ್ಮೆ ಅಲುಗಾಡಿಸಿದರೆ ಅವು ಮೇಲೇಳುತ್ತವೆ. ವಿಂಡೋಸ್ 11ರಲ್ಲಿ ಇದು ತಾನಾಗಿ ಚಾಲೂ ಇರುವುದಿಲ್ಲ. ಕಿಟಕಿಯನ್ನು ಅಂಚಿಗೆ ಒಯ್ದಾಗ ಅರ್ಧ ಪರದೆಗೆ ಅಂಟಿಕೊಳ್ಳುವುದು ಕಿರಿಕಿರಿಯೆನಿಸಿದರೆ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಮಲ್ಟಿಟಾಸ್ಕಿಂಗ್ ಎಂಬಲ್ಲಿ ಅದನ್ನು ನಿಲ್ಲಿಸಬಹುದು.

ಕಿಟಕಿಯು ಕಾಣುತ್ತಿದ್ದೂ ಮಾತನಾಡದಿದ್ದರೆ? ತಂತ್ರಾಂಶವೊಂದು ಸುಮಾರು 5 ಸೆಕೆಂಡುಗಳವರೆಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಜಾಗದಲ್ಲಿ ಮಸುಕಾದ ಪ್ರತಿಬಿಂಬವನ್ನು ಇರಿಸಿ, ತಲೆಪಟ್ಟಿಯಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂದು ಬರೆಯುತ್ತದೆ. ಇದು ಮರಣವಾರ್ತೆಯಲ್ಲ, ದೊಡ್ಡ ಕಡತವನ್ನು ತೆರೆಯುವಾಗಲೂ ಮುದ್ರಣಯಂತ್ರಕ್ಕಾಗಿ ಕಾಯುವಾಗಲೂ ಹೀಗಾಗುತ್ತದೆ. ಉಳಿಸದ ಬರಹವಿದ್ದರೆ ಹತ್ತು ನಿಮಿಷ ಕಾಯುವುದರಲ್ಲಿ ನಷ್ಟವಿಲ್ಲ. ಒತ್ತಿದಾಗಲೆಲ್ಲ 'ಟಿಣ್' ಎಂಬ ಸದ್ದು ಮಾತ್ರ ಬರುತ್ತಿದ್ದರೆ ಕಾರಣವೇ ಬೇರೆ: ಉಳಿಸಬೇಕೇ, ಬೇಡವೇ ಎಂದು ಕೇಳುವ ಸಣ್ಣ ಕಿಟಕಿಯೊಂದು ಹಿಂದೆ ಮರೆಯಾಗಿದ್ದು, ಅದಕ್ಕೆ ಉತ್ತರ ಸಿಗುವವರೆಗೆ ದೊಡ್ಡದು ಮೌನವ್ರತ ಹಿಡಿದಿರುತ್ತದೆ. ಆಲ್ಟ್ ಮತ್ತು ಟ್ಯಾಬ್‌ನಿಂದ ಅದನ್ನು ಹುಡುಕಬೇಕು.

ಬೇರೊಂದು ಕಿಟಕಿಯು ತಾನಾಗಿ ಮುಂದೆ ಹಾಯುವುದು ಬೆರಳಚ್ಚು ಮಾಡುವವರಿಗೆ ದೊಡ್ಡ ಉಪದ್ರವ. ವಿಂಡೋಸ್ 98 ಮತ್ತು 2000ರ ಕಾಲದಿಂದಲೂ, ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಇನ್ನೊಂದು ನುಗ್ಗದಂತೆ ನಿರ್ಬಂಧವಿದೆ. ಅದು ಟಾಸ್ಕ್ ಬಾರಿನಲ್ಲಿ ಮಿನುಗಿ ಕಾಯಬೇಕು. ಆದರೂ ಮೌಸನ್ನು ಸುಮ್ಮನೆ ಮೇಲೆ ಸರಿಸಿದ ಮಾತ್ರಕ್ಕೆ ಕಿಟಕಿಗಳು ಎದ್ದು ಬರುತ್ತಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ 'ಈಸ್ ಆಫ್ ಆಕ್ಸೆಸ್' ವಿಭಾಗದಲ್ಲಿ ಮೌಸ್ ಕುರಿತ ಪುಟವನ್ನು ನೋಡಿರಿ. ಅಲ್ಲಿ ಇದೇ ಕೆಲಸ ಮಾಡುವ ಒಂದು ಗುರುತು ಯಾರದೋ ಕೈತಪ್ಪಿನಿಂದ ಬಿದ್ದಿರಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಶೇಷವುಂಟು. ವಿಂಡೋಸ್ 7ರವರೆಗೆ ಪ್ರತಿ ಕಿಟಕಿಯೂ ತನ್ನ ಭಾಷೆಯನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಪತ್ರದಲ್ಲಿ ಕನ್ನಡ, ಲೆಕ್ಕದಲ್ಲಿ ಇಂಗ್ಲಿಷ್. 2012ರ ವಿಂಡೋಸ್ 8ರಿಂದ ಒಂದು ಕಡೆ ಭಾಷೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುವುದೇ ರೂಢಿಯಾಗಿದೆ. ಗುಪ್ತಪದವನ್ನು ಸರಿಯಾಗಿ ಒತ್ತಿದರೂ ತಪ್ಪೆಂದು ಬರುವುದಕ್ಕೆ ಇದೂ ಒಂದು ಕಾರಣ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಬಾರ್ ಒತ್ತಿ ಭಾಷೆಯನ್ನು ಬದಲಿಸಿಕೊಳ್ಳಬಹುದು. ಹಳೆಯ ಪದ್ಧತಿಯೇ ಬೇಕೆನ್ನುವವರು ಕೀಲಿಮಣೆಯ ಸುಧಾರಿತ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಕಿಟಕಿಗೂ ಬೇರೆ ಭಾಷೆ ಎಂಬರ್ಥದ ಆಯ್ಕೆಯನ್ನು ಗುರುತಿಸಬೇಕು. ನಮಗಂತೂ ಹಳೆಯದೇ ಅನುಕೂಲವೆನಿಸಿದೆ.

ಎಲ್ಲ ಕಿಟಕಿಗಳೂ ಒಟ್ಟಿಗೆ ಕೆಟ್ಟಂತೆ ಕಂಡರೆ, ಅಂದರೆ ಟಾಸ್ಕ್ ಬಾರ್ ಸ್ತಬ್ಧವಾದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ವಿಂಡೋಸ್ ಎಕ್ಸ್‌ಪ್ಲೋರರ್ ಎಂಬುದನ್ನು ಆರಿಸಿ ರೀಸ್ಟಾರ್ಟ್ ಒತ್ತಿರಿ. ಪಟ್ಟಿಯು ಕ್ಷಣಕಾಲ ಮಾಯವಾಗಿ ಮರಳುತ್ತದೆ. ನೀವು ಬರೆಯುತ್ತಿದ್ದ ಪತ್ರಕ್ಕೆ ಧಕ್ಕೆಯಿಲ್ಲ. ಪರದೆಯೇ ಕಪ್ಪಾದರೆ ಅಥವಾ ಚಿತ್ರಗಳು ಹರಿದಂತೆ ಕಂಡರೆ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿರಿ. ಇದು ಪರದೆಯ ಚಿತ್ರ ಮೂಡಿಸುವ ಚಾಲಕ ತಂತ್ರಾಂಶವನ್ನು ಮರುಪ್ರಾರಂಭಿಸುತ್ತದೆ. ವಿಂಡೋಸ್ ವಿಸ್ಟಾದ ಕಾಲದಿಂದ ಕಿಟಕಿಗಳೆಲ್ಲವನ್ನೂ ಒಂದುಗೂಡಿಸಿ ಪರದೆಗೆ ತರುವ ಕೆಲಸ ಹೆಚ್ಚಾಗಿ ಚಿತ್ರಸಂಸ್ಕಾರಕದ ಮೇಲೆ ಬಿದ್ದಿರುವುದರಿಂದ, ಅದರ ಚಾಲಕವು ಹಳತಾಗಿದ್ದರೆ ಕಿಟಕಿಗಳು ಮಿಣುಕುವುದುಂಟು.

ಇದುವರೆಗಿನವು ನಿರಪಾಯಕರ. ಒಂದು ಕಿಟಕಿ ಮಾತ್ರ ನಿಜವಾಗಿಯೂ ಅಪಾಯಕಾರಿ. ಅಂತರ್ಜಾಲ ನೋಡುತ್ತಿರುವಾಗ ಹಠಾತ್ತನೆ ಇಡೀ ಪರದೆಯನ್ನು ಆವರಿಸಿ, "ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ದೂರವಾಣಿ ಮಾಡಿ" ಎಂದು ಕಿರಿಚುವ ಕಿಟಕಿಯದು. ಅದು ಮುಚ್ಚುವುದಿಲ್ಲ, ಮೌಸಿಗೆ ಜಗ್ಗುವುದಿಲ್ಲ. ಹಿರಿಯರು ಹೆದರಿ ಆ ಸಂಖ್ಯೆಗೆ ಕರೆ ಮಾಡುತ್ತಾರೆ. ಅತ್ತಲಿನ ವಿನಯವಂತ ಧ್ವನಿಯು ಯಂತ್ರದ ಹತೋಟಿಯನ್ನು ಪಡೆದು ಬ್ಯಾಂಕಿನ ಖಾತೆಯವರೆಗೂ ತಲುಪುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ ಎಂಬುದನ್ನು ಆ ಸಂಸ್ಥೆಯೇ ಸಾರಿ ಹೇಳಿದೆ. ಇದು ಕೇವಲ ಪೂರ್ಣ ಪರದೆಗೆ ಹಿಗ್ಗಿಸಿದ ಒಂದು ಪುಟ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಅನಂತರ ಆಲ್ಟ್ ಹಿಡಿದು ಎಫ್ 4 ಒತ್ತಿರಿ. ಜಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಕೊನೆಗೊಳಿಸಿರಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ತರಲೇ ಎಂದು ಕೇಳಿದರೆ ಬೇಡವೆನ್ನಿರಿ. ಹಣ ಹೋಗಿದ್ದರೆ ನಾಚಿಕೆಯಿಂದ ಮನೆಯವರಿಗೂ ಹೇಳದೆ ಕುಳಿತುಕೊಳ್ಳದೆ, ಆ ಕ್ಷಣವೇ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಕುಗ್ಗುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದೆ ದುರಸ್ತಿಗೆ ಒಯ್ಯುವುದೇ ಆದರೆ, ತೊಂದರೆಯು ಯಾವ ಕಿಟಕಿಯಲ್ಲಿ, ಎಂದಿನಿಂದ, ಯಾವುದನ್ನು ಜೋಡಿಸಿದ ಅಥವಾ ಬಿಚ್ಚಿದ ಮೇಲೆ ಆರಂಭವಾಯಿತು ಎಂದು ಚೀಟಿಯಲ್ಲಿ ಬರೆದುಕೊಡಿರಿ. ವಿಂಡೋಸ್ ಅನ್ನು ಹೊಸದಾಗಿ ತುಂಬುವ ಸಂದರ್ಭ ಬಂದರೂ, ಅದರ ರೀಸೆಟ್ ವ್ಯವಸ್ಥೆಯಲ್ಲಿ ಸ್ವಂತ ಕಡತಗಳನ್ನು ಉಳಿಸಿಕೊಂಡು ತಂತ್ರಾಂಶಗಳನ್ನಷ್ಟೇ ತೆಗೆಯುವ ಆಯ್ಕೆಯಿದೆಯೆಂದು ನೆನಪಿಸಿರಿ. ಅದಕ್ಕೂ ಮೊದಲು ಮನೆಯಲ್ಲಿಯೇ ಒಂದು ಹೊರ ಡಿಸ್ಕಿಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಈ ನಾಲ್ಕರ ಪ್ರತಿಯನ್ನು ಮಾಡಿಕೊಳ್ಳಿರಿ. ಲೆಕ್ಕದ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಈ ನಾಲ್ಕರ ಹೊರಗೆ ಬೇರೆಡೆ ಇಡುವುದುಂಟು. ಅದು ಎಲ್ಲಿದೆಯೆಂದು ತಂತ್ರಾಂಶ ಕೊಟ್ಟವರನ್ನು ಇಂದೇ ಕೇಳಿ ಗೋಡೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿಡಿರಿ.