ಸೀನಿದರೆ ಮೂತ್ರ ಜಾರುವುದು ಹಣೆಬರಹವಲ್ಲ

ಸೀನು ಬಂದಾಗ, ಜೋರಾಗಿ ನಕ್ಕಾಗ, ತುಂಬಿದ ಬಿಂದಿಗೆ ಎತ್ತಿದಾಗ ಅಥವಾ ನಮಾಝಿನಲ್ಲಿ ಸಜ್ದಾದಿಂದ ಮೇಲೇಳುವಾಗ ನಿಮಗೆ ಒಂದೆರಡು ಹನಿ ಮೂತ್ರ ಜಾರುತ್ತದೆಯೇ? ಸಂಜೆಯಾಗುತ್ತಿದ್ದಂತೆ ಕೆಳಗೆ ಏನೋ ಭಾರ ಇಳಿದಂತೆ ಅನಿಸುತ್ತದೆಯೇ? ಹಾಗಿದ್ದರೆ ಸಂಕೋಚ ಬದಿಗಿಟ್ಟು ಈ ಪುಟವನ್ನು ಪೂರ್ತಿ ಓದಿ. ಇದನ್ನು ತಾಯಿಗೂ ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರುವ ಸಹೋದರಿಯರು ಬಹಳ ಮಂದಿ. ಮದುವೆ ಮನೆಗೆ ಹೋಗುವುದನ್ನು ಬಿಟ್ಟವರಿದ್ದಾರೆ. ಬಸ್ಸು ಹತ್ತುವ ದಿನ ಬೆಳಗಿನಿಂದಲೇ ನೀರು ಬಿಡುವವರಿದ್ದಾರೆ. ವುಝೂ ನಿಲ್ಲುವುದಿಲ್ಲವೆಂದು ಒಳಗೊಳಗೇ ಕೊರಗುವವರೂ ಇದ್ದಾರೆ.

ಇದು ಶಾಪವಲ್ಲ, ಅಶುಚಿಯ ಫಲವೂ ಅಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಇದು ಸ್ನಾಯುಗಳ ತೊಂದರೆ. ಸರಿಯಾಗಿ ಕಲಿತು ಅಭ್ಯಾಸ ಮಾಡಿದರೆ ಸುಧಾರಿಸುವಂಥದ್ದು.

ನಮ್ಮ ಸೊಂಟದ ಮೂಳೆಗಳ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಲಿಯಂತೆ ಹರಡಿಕೊಂಡ ಸ್ನಾಯುಗಳಿವೆ. ಇವಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಹೊತ್ತು ನಿಲ್ಲಿಸುವುದು, ಮಲಮೂತ್ರವನ್ನು ಹಿಡಿಯುವುದು ಮತ್ತು ಬಿಡುವುದು ಇವುಗಳ ಕೆಲಸ. ಬಸಿರು ಮತ್ತು ಹೆರಿಗೆ, ದೀರ್ಘಕಾಲದ ಮಲಬದ್ಧತೆ, ಹೆಚ್ಚಿದ ದೇಹತೂಕ, ನಿಲ್ಲದ ಕೆಮ್ಮು, ದಿನವೂ ಭಾರ ಎತ್ತುವುದು, ಮುಟ್ಟು ನಿಂತ ನಂತರದ ಬದಲಾವಣೆ ಇವೆಲ್ಲ ಆ ಜೋಲಿಯನ್ನು ಸಡಿಲಗೊಳಿಸುತ್ತವೆ.

ನಮ್ಮ ಊರುಗಳ ದುಡಿಮೆಯನ್ನೇ ನೋಡಿ. ರಾಮನಗರದ ನೂಲು ಬಿಚ್ಚಣಿಕೆ ಘಟಕಗಳಲ್ಲಿ ಕುದಿಯುವ ಗೂಡಿನ ಹಬೆಯ ಮುಂದೆ ಗಂಟೆಗಟ್ಟಲೆ ದುಡಿಯುವವರಲ್ಲಿ ಕೆಮ್ಮು, ಉಬ್ಬಸ ಹಿಡಿದವರಿದ್ದಾರೆ. ಪ್ರತಿ ಕೆಮ್ಮೂ ಕೆಳಗಿನ ಸ್ನಾಯುವಿಗೆ ಒಂದು ಗುದ್ದು. ಕನಕಪುರ, ಮಾಗಡಿ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವವರಿದ್ದಾರೆ. ಚನ್ನಪಟ್ಟಣದಲ್ಲಿ ಬೊಂಬೆ ಕೆಲಸಕ್ಕೆ ಕೂತವರು ಹತ್ತಿರ ಶೌಚಾಲಯ ಇಲ್ಲದಿದ್ದರೆ ಮೂತ್ರ ಕಟ್ಟಿಕೊಂಡೇ ಕೂರುತ್ತಾರೆ. ಹೀಗಿರುವಾಗ ಕೆಲವು ತಪ್ಪು ತಿಳಿವಳಿಕೆಗಳು ತೊಂದರೆಯನ್ನು ಇನ್ನಷ್ಟು ಬೆಳೆಸುತ್ತವೆ.

“ಹೆತ್ತವರಿಗೆಲ್ಲ ಇದು ಇದ್ದದ್ದೇ”

ಬಹಳ ಮಂದಿಗೆ ಇದೆ ಎಂಬುದು ನಿಜ. ಹಾಗೆಂದು ಸಹಿಸಿಕೊಂಡೇ ಇರಬೇಕಾಗಿಲ್ಲ. 2018ರಲ್ಲಿ ಪ್ರಕಟವಾದ ಕೊಕ್ರೇನ್ ಪರಾಮರ್ಶೆ 14 ದೇಶಗಳ 1,817 ಮಹಿಳೆಯರ ಮೇಲೆ ನಡೆದ 31 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುತ್ತಿದ್ದವರಲ್ಲಿ ಈ ಸ್ನಾಯುಗಳ ವ್ಯಾಯಾಮ ಮಾಡಿದ 100ರಲ್ಲಿ 56 ಮಂದಿ ತಮಗೆ ಗುಣವಾಯಿತು ಎಂದರು. ವ್ಯಾಯಾಮ ಮಾಡದವರಲ್ಲಿ ಹಾಗೆ ಹೇಳಿದವರು 100ರಲ್ಲಿ 6 ಮಂದಿ ಮಾತ್ರ.

“ಸಿಸೇರಿಯನ್ ಆದವರಿಗೆ, ಹೆರದವರಿಗೆ ಇದು ಬರುವುದಿಲ್ಲ”

ಸಹಜ ಹೆರಿಗೆಗಿಂತ ಸಿಸೇರಿಯನ್‌ನಲ್ಲಿ ಅಪಾಯ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಒಂಬತ್ತು ತಿಂಗಳು ಮಗುವಿನ ಭಾರ ಹೊತ್ತದ್ದು ಅದೇ ಸ್ನಾಯುಗಳು. ಮಕ್ಕಳಿಲ್ಲದವರಿಗೂ ಕೆಮ್ಮು, ಮಲಬದ್ಧತೆ, ಭಾರದ ಕೆಲಸದಿಂದ ತೊಂದರೆ ಬರಬಹುದು.

“ನೀರು ಕಡಿಮೆ ಕುಡಿದರೆ ಸರಿಹೋಗುತ್ತದೆ”

ಇದು ಉಲ್ಟಾ ಹೊಡೆಯುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಸೋಂಕು ತಗುಲುತ್ತದೆ, ಮಲ ಗಟ್ಟಿಯಾಗುತ್ತದೆ. ಮುಕ್ಕಿದಷ್ಟೂ ಜೋಲಿ ಇನ್ನಷ್ಟು ಜಗ್ಗುತ್ತದೆ. ನೀರು ಬಿಡುವ ಬದಲು ಚಹಾ, ಕಾಫಿ ಕಡಿಮೆ ಮಾಡಿ ನೋಡಿ. ಹಾಗೆಯೇ “ಇರಲಿ, ಒಮ್ಮೆ ಹೋಗಿ ಬಂದುಬಿಡೋಣ” ಎಂದು ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುವುದೂ ಒಳ್ಳೆಯದಲ್ಲ. ಸ್ವಲ್ಪ ತುಂಬಿದರೂ ಅವಸರಪಡುವ ಅಭ್ಯಾಸ ಮೂತ್ರಕೋಶಕ್ಕೆ ಹತ್ತುತ್ತದೆ.

“ಚಿಲ್ಲಾದಲ್ಲಿ ಹೊಟ್ಟೆ ಬಿಗಿಯಾಗಿ ಕಟ್ಟಿದರೆ ಗರ್ಭಕೋಶ ತನ್ನ ಜಾಗಕ್ಕೆ ಹೋಗುತ್ತದೆ”

ಹೆರಿಗೆಯಾದ ಮೇಲೆ ಗರ್ಭಕೋಶ ತಾನಾಗಿಯೇ ಕುಗ್ಗುತ್ತದೆ, ಬಟ್ಟೆ ಕಟ್ಟಿದ್ದರಿಂದಲ್ಲ. ಹಗುರವಾಗಿ ಕಟ್ಟಿಕೊಂಡರೆ ಸೊಂಟಕ್ಕೆ ಆಸರೆ ಅನಿಸಬಹುದು. ಉಸಿರು ಹಿಡಿಯುವಷ್ಟು ಬಿಗಿದರೆ ಒತ್ತಡ ಕೆಳಕ್ಕೆ ಇಳಿಯುತ್ತದೆ. ಆ ನಲವತ್ತು ದಿನಗಳ ವಿಶ್ರಾಂತಿ ಮಾತ್ರ ನಿಜಕ್ಕೂ ಒಳ್ಳೆಯ ಪದ್ಧತಿ. ಆ ದಿನಗಳಲ್ಲಿ ಸೊಸೆಯ ಕೈಗೆ ತುಂಬಿದ ಬಕೆಟ್ ಕೊಡಬೇಡಿ.

“ಗರ್ಭಕೋಶ ತೆಗೆಸಿಬಿಟ್ಟರೆ ಮುಗಿಯಿತು”

ಇದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಮೂತ್ರ ಜಾರುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಗರ್ಭಕೋಶ ಜಾರಿದ್ದರೂ ಆರಂಭದ ಹಂತದಲ್ಲಿ ವ್ಯಾಯಾಮದಿಂದ ಭಾರ, ಎಳೆತ ಕಡಿಮೆಯಾಗಬಹುದು. ಪೆಸರಿ ಎಂಬ ಉಂಗುರವನ್ನು ಒಳಗಿಟ್ಟು ಆಸರೆ ಕೊಡುವ ವಿಧಾನವೂ ಇದೆ. ಕೆಲವರಿಗೆ ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾಗುತ್ತದೆ, ಆದರೆ ಅದು ಮೊದಲ ಹೆಜ್ಜೆಯಾಗಬಾರದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಯಾರಾದರೂ “ತೆಗೆಸಿಬಿಡಿ” ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

“ಮನೆಗೆಲಸ, ನಮಾಝ್ ಮಾಡುತ್ತೇನೆ, ಅದೇ ವ್ಯಾಯಾಮ”

ಬಗ್ಗಿ ಏಳುವುದರಿಂದ ಕೀಲುಗಳಿಗೆ ಚಲನೆ ಸಿಗುತ್ತದೆ. ಆದರೆ ಈ ಸ್ನಾಯುಗಳನ್ನು ಗಮನವಿಟ್ಟು ಬಿಗಿಹಿಡಿದು ಸಡಿಲಿಸದೆ ಅವು ಬಲಗೊಳ್ಳುವುದಿಲ್ಲ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ.

“ಎಲ್ಲರೂ ಬಿಗಿಹಿಡಿದರೆ ಸಾಕು”

ಕೆಲವರ ಸ್ನಾಯು ಸಡಿಲವಾಗಿರುವುದಿಲ್ಲ, ಸದಾ ಬಿಗಿದುಕೊಂಡಿರುತ್ತದೆ. ದಾಂಪತ್ಯದಲ್ಲಿ ನೋವು, ಬಾಲದ ಮೂಳೆಯ ಬಳಿ ನೋವು, ಮೂತ್ರ ಪೂರ್ತಿ ಹೋಗದಂತೆ ಅನಿಸುವುದು ಇದರ ಸೂಚನೆಗಳಾಗಿರಬಹುದು. ಅಂಥವರು ಬಿಗಿಹಿಡಿದಷ್ಟೂ ನೋವು ಹೆಚ್ಚುತ್ತದೆ. ಅವರು ಮೊದಲು ಸಡಿಲಿಸುವುದನ್ನು ಕಲಿಯಬೇಕು.

“ಫಿಸಿಯೋಥೆರಪಿ ಎಂದರೆ ಪರಪುರುಷರ ಮುಂದೆ ಪರೀಕ್ಷೆ”

ಮಹಿಳಾ ಫಿಸಿಯೋಥೆರಪಿಸ್ಟ್ ಬೇಕೆಂದು ನೀವು ಕೇಳಬಹುದು. ಬಾಗಿಲು ಮುಚ್ಚಿದ ಕೋಣೆ ಕೇಳಬಹುದು, ತಾಯಿ ಅಥವಾ ಆಪಾ ಜೊತೆಗಿರಲಿ ಎನ್ನಬಹುದು. ಒಳಪರೀಕ್ಷೆ ನಿಮ್ಮ ಒಪ್ಪಿಗೆಯಿಲ್ಲದೆ ನಡೆಯಬಾರದು. ಬೇಡವೆಂದರೂ ಮಾತಿನಲ್ಲಿ ವಿವರಿಸಿ ವ್ಯಾಯಾಮ ಕಲಿಸಲು ಸಾಧ್ಯವಿದೆ.

ಮನೆಯಲ್ಲಿ ಹೇಗೆ ಆರಂಭಿಸುವುದು?

ಮಲಗಿ, ಮಂಡಿ ಮಡಚಿಕೊಳ್ಳಿ. ಗಾಳಿ ಹೋಗದಂತೆ ತಡೆಯುವಾಗ ಹಿಂದಿನ ದ್ವಾರವನ್ನು ಹೇಗೆ ಒಳಕ್ಕೆಳೆಯುತ್ತೀರೋ ಹಾಗೆ ಎಳೆಯಿರಿ. ಅದೇ ಬಿಗಿಯನ್ನು ಮುಂದಕ್ಕೆ, ಮೂತ್ರದ್ವಾರದವರೆಗೆ ತನ್ನಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಉಸಿರು ಕಟ್ಟಬಾರದು. ಮೊದಲಿಗೆ ಮೂರರಿಂದ ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. ನಿಧಾನವಾಗಿ ಹತ್ತರವರೆಗೆ ಹೆಚ್ಚಿಸಿ. ಹೀಗೆ ಒಂದು ಸಲಕ್ಕೆ 8 ಬಾರಿ, ದಿನಕ್ಕೆ ಮೂರು ಸಲ. ಸೀನು, ಕೆಮ್ಮು ಬರುವ ಮುನ್ನ ಮತ್ತು ಭಾರ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನು ರೂಢಿಸಿಕೊಳ್ಳಿ.

ಮೂತ್ರ ಮಾಡುವಾಗ ನಡುವೆ ನಿಲ್ಲಿಸುವುದನ್ನು ವ್ಯಾಯಾಮವಾಗಿ ಮಾಡಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಂದರೆಯಾಗುತ್ತದೆ. ವಾರದಲ್ಲಿ ಫಲ ಕಾಣದೆಂದು ಕೈಬಿಡಬೇಡಿ, ಕನಿಷ್ಠ ಮೂರು ತಿಂಗಳು ಬೇಕು. ಜೊತೆಗೆ ಸೊಪ್ಪು, ಕಾಳು, ಹಣ್ಣು ತಿಂದು ಮಲಬದ್ಧತೆ ಕಳೆಯಿರಿ. ಕೆಮ್ಮಿಗೆ ಔಷಧಿ ಮಾಡಿಸಿ. ಒದ್ದೆಯಾದ ಬಟ್ಟೆ ಅಥವಾ ಪ್ಯಾಡನ್ನು ಕೂಡಲೇ ಬದಲಿಸಿ, ಬರೀ ನೀರಿನಿಂದ ತೊಳೆದು ಒರೆಸಿಕೊಳ್ಳಿ. ಮೂತ್ರ ನಿರಂತರ ತೊಟ್ಟಿಕ್ಕುವವರಿಗೆ ವುಝೂ ವಿಷಯದಲ್ಲಿ ಫಿಕ್ಹ್ ರಿಯಾಯಿತಿ ಕೊಟ್ಟಿದೆ. ಅದರ ನಿಯಮವನ್ನು ನಿಮ್ಮ ಊರಿನ ಆಲಿಮಾ ಅಥವಾ ಆಲಿಮರಿಂದ ತಿಳಿದುಕೊಳ್ಳಿ, ಇಬಾದತ್ ಬಿಡಬೇಡಿ.

ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿಮೂತ್ರ, ಮೂತ್ರ ಕಟ್ಟಿಹೋಗುವುದು, ತೊಡೆಸಂದಿಯಲ್ಲಿ ಮರಗಟ್ಟುವುದು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಗಂಟಿನಂಥದ್ದು ಹೊರಬರುವುದು ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮಕ್ಕೆ ಕಾಯದೆ ಮೊದಲು ವೈದ್ಯರನ್ನು ಕಾಣಿ.

ರಾಮನಗರದ ಜಿಲ್ಲಾ ಆಸ್ಪತ್ರೆ, ಚನ್ನಪಟ್ಟಣ, ಕನಕಪುರ, ಮಾಗಡಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವೈದ್ಯರನ್ನು ಕೇಳಿ ಆರಂಭಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಿದೆ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಹೇಳಿ. ಅಲ್ಲಿ ಹೇಳಬೇಕಾದ್ದು ಒಂದೇ ವಾಕ್ಯ: “ಕೆಮ್ಮಿದರೆ ಮೂತ್ರ ಜಾರುತ್ತದೆ, ಇದಕ್ಕೆ ಫಿಸಿಯೋಥೆರಪಿ ಬೇಕು.” ವೈದ್ಯರಿಗೆ ಇದು ಹೊಸದಲ್ಲ. ಓದಿದ ಮೇಲೆ ಈ ಪುಟವನ್ನು ಅಮ್ಮಿಗೂ ಅತ್ತೆಗೂ ಕೊಡಿ. ಅವರು ಸುಮ್ಮನೆ ಸಹಿಸಿಕೊಂಡಿರಬಹುದು.